ಮುಟ್ಟಿ ತಿಳಿಯುವ ಕಾಡು

ಪಿಂಪ್ರಿ-ಚಿಂಚವಡದ ಕಾರಖಾನೆಗಳಿಗೆ ದಿನವೂ ದಾಪೋಡಿಯನ್ನು ದಾಟಿ ಹೋಗುವ ನಮ್ಮವರು ಅನೇಕರಿದ್ದಾರೆ. ಪಶ್ಚಿಮ ಭಾರತದ ಅರಣ್ಯಶಾಸ್ತ್ರಕ್ಕೆ ಆ ಊರೇ ಒಂದು ತವರುಮನೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

1828ರಲ್ಲಿ, ಗವರ್ನರ್ ಜಾನ್ ಮಾಲ್ಕಮ್ ಅವರ ಕಾಲದಲ್ಲಿ, ದಾಪೋಡಿಯಲ್ಲಿ ಸಸ್ಯೋದ್ಯಾನವೊಂದು ಆರಂಭವಾಯಿತು. 1838ರಲ್ಲಿ ಅದರ ಹೊಣೆ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯರಿಗೆ ಬಂದಿತು. ಅವರು ಅಲ್ಲಿ ಔಷಧಿ ಗಿಡಗಳನ್ನು ಬೆಳೆಸಿದರು. ಹೆಸರು ಉಳಿಯದ ದೇಶೀಯ ಚಿತ್ರಕಾರನೊಬ್ಬನಿಂದ ಗಿಡಗಳ ಚಿತ್ರ ಬರೆಯಿಸಿದರು; ಅವು ಇಂದು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. 1847ರಲ್ಲಿ ಗಿಬ್ಸನ್ ಮುಂಬಯಿ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದರು. ಧಾರವಾಡ, ಬೆಳಗಾವಿಗಳೂ ಆಗ ಅದೇ ಪ್ರಾಂತದಲ್ಲಿದ್ದವು. ಹಡಗು ಕಟ್ಟಲು ಸರಕಾರಕ್ಕೆ ಸಾಗವಾನಿ ಬೇಕಾಗಿತ್ತೆಂಬುದನ್ನು ನಾವು ಮರೆಯಬಾರದು. ಆದರೂ ಕಾಡು ಕಡಿದರೆ ಹಳ್ಳಗಳು ಬತ್ತುತ್ತವೆ ಎಂಬ ಎಚ್ಚರ ಆ ಕಾಲದಲ್ಲೇ ಮೂಡಿತ್ತು. 1861ರಲ್ಲಿ ಡಾಲ್ಜೆಲ್ ಅವರೊಡನೆ ಗಿಬ್ಸನ್ ಪ್ರಾಂತದ ಸಸ್ಯಗಳ ಗ್ರಂಥವನ್ನೇ ಪ್ರಕಟಿಸಿದರು. ಆ ದಶಕದಲ್ಲಿಯೇ ತೋಟ ಮುಚ್ಚಿಹೋಯಿತು.

ಮುಂದೆ 1902ರಲ್ಲಿ ಕೊಯಮತ್ತೂರಿನಲ್ಲಿ ಗಾಸ್ ಅರಣ್ಯ ವಸ್ತುಸಂಗ್ರಹಾಲಯ ಹುಟ್ಟಿತು. ಮರದ ತುಂಡುಗಳನ್ನು ಕಣ್ಣಾರೆ ಕಂಡು ಕಲಿಯುವ ಪಾಠಶಾಲೆ ಅದು. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಮುಳಶಿ, ತಾಮ್ಹಿಣಿಯ ಘಟ್ಟಗಳೇ ತೆರೆದ ವಸ್ತುಸಂಗ್ರಹಾಲಯ. ಇಲ್ಲಿಯವರು 'ಐನ್' ಎನ್ನುವುದು ನಮ್ಮ ಮತ್ತಿ. ಮೊಸಳೆಯ ಬೆನ್ನಿನಂತೆ ಒಡೆದ ಅದರ ತೊಗಟೆಯನ್ನು ಮಗುವಿನ ಬೆರಳು ಒಮ್ಮೆ ಸವರಿದರೆ ಮರೆಯದು. 'ನಾಣಾ' ನಮ್ಮ ನಂದಿ. ಅದರ ಕಾಂಡ ನಯ, ತೊಗಟೆ ಕಾಗದದಂತೆ ಸುಲಿದು ಬರುತ್ತದೆ. 'ಬಿಬಳಾ' ನಮ್ಮ ಹೊನ್ನೆ. ಗಾಯವಾದರೆ ರಕ್ತದಂಥ ಕೆಂಪು ರಸ ಸುರಿಸುತ್ತದೆ. ಮರದ ಕೆಳಗಿನ ತರಗನ್ನು ಕೆದಕಿದರೆ ಗೆದ್ದಲು, ಬೂಷ್ಟು, ಕಪ್ಪು ಮಣ್ಣು: ಎಲೆ ಮತ್ತೆ ಮರವಾಗುವ ದಾರಿ ಅದೇ.

ಊರಿನಿಂದ ಬರುವಾಗ ನಾವು ಪಾತ್ರೆ-ಪಡಗ ತಂದೆವು, ದೇವರ ಪಟ ತಂದೆವು. ಮರಗಳ ಹೆಸರುಗಳನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದೆವೇನೋ. ನಮ್ಮ ಮಕ್ಕಳಿಗೆ ಐನ್ ಗೊತ್ತಿಲ್ಲ, ಮತ್ತಿಯೂ ಗೊತ್ತಿಲ್ಲ. ಸಹ್ಯಾದ್ರಿ ಮಾತ್ರ ಎರಡು ನಾಡಿಗೂ ಒಂದೇ. ಬರುವ ರವಿವಾರ ಬುತ್ತಿ ಕಟ್ಟಿಕೊಂಡು ಹೊರಡೋಣ. ಅಜ್ಜ-ಅಜ್ಜಿಯರನ್ನು ಮರೆಯದೆ ಕರೆದೊಯ್ಯೋಣ. ಹೆಸರುಗಳು ಇನ್ನೂ ಉಳಿದಿರುವುದು ಅವರ ಬಾಯಲ್ಲಿ.