ತೋಟದವರ ಮನಸ್ಸು, ಸಂಬಳದವರ ಮನಸ್ಸು

ಪುತ್ತೂರಿನಿಂದ ಸುಳ್ಯದ ಕಡೆಗೆ ಹೋಗುವ ಮಾಣಿ–ಮೈಸೂರು ಹೆದ್ದಾರಿಯಲ್ಲಿ ಕುಂಬ್ರ ಸಿಗುತ್ತದೆ. ಬೆಳ್ಳಾರೆಗೆ ಹೋಗುವವರು ಇಲ್ಲೇ ತಿರುಗಬೇಕು. ಪೇಟೆಯಲ್ಲಿ ಅಂಗಡಿ, ಹೋಟೆಲು, ರಿಕ್ಷಾಗಳು. ಪೇಟೆ ದಾಟಿದರೆ ಅಡಿಕೆ ತೋಟ, ರಬ್ಬರು. ತಿಂಗಳ ಸಂಬಳ ಎಣಿಸುವವರು ಇಂಥ ಊರುಗಳಲ್ಲಿ ಕಡಿಮೆ. ಸ್ವಂತ ದುಡಿಮೆಯವರ ಮನಸ್ಸು ಹಗುರವೋ ಸಂಬಳದವರದ್ದೋ ಎಂಬ ಪ್ರಶ್ನೆಗೆ ಮನೋವಿಜ್ಞಾನಿಗಳೂ ಅರ್ಥಶಾಸ್ತ್ರಜ್ಞರೂ ಬಹಳ ಕಾಲದಿಂದ ಉತ್ತರ ಹುಡುಕುತ್ತಿದ್ದಾರೆ. ಆದರೆ ಅವರ ಉತ್ತರಗಳಲ್ಲಿ ಹೆಚ್ಚಿನವು ಸಂಬಳದವರೇ ತುಂಬಿರುವ ದೇಶಗಳಿಂದ ಬಂದವು. ಕುಂಬ್ರದಲ್ಲಿ ನಿಂತು ಓದಿದರೆ ಕೆಲವು ಸರಿಯಾಗಿ ತಾಗುತ್ತವೆ, ಕೆಲವು ಪಕ್ಕದಲ್ಲೇ ಹಾದುಹೋಗುತ್ತವೆ.

ಶುರುವಾದದ್ದು ಕೆಲಸ ಕಳೆದುಕೊಂಡವರಿಂದ. ಆಸ್ಟ್ರಿಯಾದ ಮರಿಯೆಂಥಾಲ್ ಎಂಬ ಹಳ್ಳಿಯ ಕಾರ್ಖಾನೆ ಮುಚ್ಚಿದಾಗ ಮರೀ ಯಹೋದಾ ಮತ್ತು ಸಂಗಡಿಗರು ಅಲ್ಲಿನ ಮನೆಮನೆಯನ್ನು ನೋಡಿ 1933ರಲ್ಲಿ ಪುಸ್ತಕ ಬರೆದರು. ಕೆಲಸ ಹೋದರೆ ಹಣದ ಜೊತೆಗೆ ದಿನದ ಲೆಕ್ಕವೂ ಹೋಗುತ್ತದೆ ಎಂಬುದನ್ನು ತೋರಿಸಿದ ಅಧ್ಯಯನ ಅದು. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ವೈಟ್‌ಹಾಲ್ ಅಧ್ಯಯನ ಆರಂಭವಾಯಿತು. ಹುದ್ದೆ ಕೆಳಗಿಳಿದಷ್ಟೂ ಹೃದ್ರೋಗದ ಸಾವು ಹೆಚ್ಚು ಎಂದು ಅದು ಕಂಡಿತು. 1979ರಲ್ಲಿ ರಾಬರ್ಟ್ ಕರಾಸೆಕ್ ಮುಂದಿಟ್ಟ ಸೂತ್ರ ಇಂದಿಗೂ ಈ ಕ್ಷೇತ್ರದ ಬೆನ್ನೆಲುಬು: ಕೆಲಸದ ಹೊರೆಯೊಂದೇ ಮನಸ್ಸನ್ನು ಮುರಿಯುವುದಿಲ್ಲ; ಹೊರೆ ಹೆಚ್ಚಿದ್ದು ಕೆಲಸದ ಮೇಲೆ ಹಿಡಿತ ಇಲ್ಲದಿದ್ದರೆ ಮುರಿಯುತ್ತದೆ.

ಈ ಸೂತ್ರದ ಪ್ರಕಾರ ಸ್ವಂತ ದುಡಿಮೆಯವರು ಗೆಲ್ಲಬೇಕು. ಮೊದಮೊದಲು ಹಾಗೆಯೇ ಕಂಡಿತು. 1998ರಲ್ಲಿ ಬ್ಲಾಂಚ್‌ಫ್ಲವರ್ ಮತ್ತು ಆಸ್ವಾಲ್ಡ್ ಸ್ವಂತ ಕೆಲಸದವರಲ್ಲಿ ತೃಪ್ತಿ ಹೆಚ್ಚೆಂದರು. 2010ರಲ್ಲಿ ಊಟೆ ಸ್ಟೆಫಾನ್ ಮತ್ತು ಉಲ್ರಿಕೆ ರೋಸ್ಲರ್ ಜರ್ಮನಿಯ ರಾಷ್ಟ್ರೀಯ ಸಮೀಕ್ಷೆಯಲ್ಲಿ ಉದ್ಯಮಿಗಳ ದೇಹಕ್ಕೂ ಮನಸ್ಸಿಗೂ ಕಾಯಿಲೆ ಕಡಿಮೆ ಎಂದು ಕಂಡರು. 2015ರಲ್ಲಿ ರೀಟ್‌ವೆಲ್ಡ್ ಮತ್ತು ಸಂಗಡಿಗರು ಅಮೆರಿಕದ ಅಂಕಿಅಂಶ ಹಿಡಿದು ಇನ್ನೊಂದು ಮಾತು ಸೇರಿಸಿದರು: ಸ್ವಂತ ದುಡಿಮೆ ಆರೋಗ್ಯ ಕೊಡುವುದಕ್ಕಿಂತ ಆರೋಗ್ಯ ಇದ್ದವರೇ ಸ್ವಂತ ದುಡಿಮೆಗೆ ಇಳಿಯುತ್ತಾರೆ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕ್ಯಾಲಿಫೋರ್ನಿಯಾದ ಮೈಕೆಲ್ ಫ್ರೀಮನ್ ತಂಡ 242 ಉದ್ಯಮಿಗಳನ್ನು ಕೇಳಿತು. ಜೀವನದಲ್ಲಿ ಒಂದಾದರೂ ಮಾನಸಿಕ ತೊಂದರೆ ಕಂಡವರು ಅವರಲ್ಲಿ ಶೇ. 49, ಹೋಲಿಕೆಯ ಗುಂಪಿನಲ್ಲಿ ಶೇ. 32. ಸಣ್ಣ ಮಾದರಿ, ಅದರ ಮೇಲೆ ದೊಡ್ಡ ಮಾತು ಕಟ್ಟಬಾರದು. ನನಗೆ ಹೆಚ್ಚು ಉಪಯುಕ್ತವಾಗಿ ಕಾಣುವುದು ಹೆಸೆಲ್ಸ್ ಮತ್ತಿತರರ 2017ರ ಬರಹ. ಆಳುಗಳಿಲ್ಲದೆ ತಾನೊಬ್ಬನೇ ದುಡಿಯುವವನ ಒತ್ತಡವೇ ಬೇರೆ, ಆಳುಗಳನ್ನು ಇಟ್ಟುಕೊಂಡವನ ಒತ್ತಡವೇ ಬೇರೆ ಎಂದು ಅದು ಆಸ್ಟ್ರೇಲಿಯಾದ ಅಂಕಿಗಳಿಂದ ಬಿಡಿಸಿ ಹೇಳಿತು.

ಕರಾಸೆಕ್ ಹೇಳಿದ ಹಿಡಿತ ಅಡಿಕೆ ತೋಟದಲ್ಲಿ ಪರೀಕ್ಷೆಗೆ ಬರುವುದು ಮಳೆಗಾಲದಲ್ಲಿ. ಕೊಳೆರೋಗಕ್ಕೆ ಮಳೆ ಜೋರಾಗುವ ಮೊದಲು ಒಮ್ಮೆ, ಮತ್ತೆ 40–45 ದಿನ ಕಳೆದು ಇನ್ನೊಮ್ಮೆ ಮದ್ದು ಬಿಡಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಇಷ್ಟು ತೋಟದವರ ಕೈಯಲ್ಲಿದೆ. ಮಳೆ ಹೊಳವಾಗಬೇಕು, ಗೊನೆಯ ನೀರಾರಬೇಕು, ಮರ ಏರುವವರು ಅದೇ ದಿನ ಸಿಗಬೇಕು. ಇದು ಯಾವುದೂ ಕೈಯಲ್ಲಿಲ್ಲ. ಹೊಳವು ಸಿಗದೆ ದಿನ ಮುಂದೆ ಹೋದರೆ ಎಳೆಕಾಯಿ ಉದುರಿ ಮರದ ಬುಡ ತುಂಬುತ್ತದೆ. ತನಗೆ ತಾನೇ ಯಜಮಾನ ಎಂಬ ಮಾತು ಜುಲೈ ತಿಂಗಳಲ್ಲಿ ನಿಲ್ಲುವುದಿಲ್ಲ. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲಿ ನಿಂತೇ ಮದ್ದು ಬಿಡಲು, ಗೊನೆ ಕೊಯ್ಯಲು ಸಾಧ್ಯವಾಗಿದೆ. ಅದನ್ನು ಬರೀ ಕೃಷಿ ಸಲಕರಣೆ ಎಂದು ನಾನು ನೋಡುವುದಿಲ್ಲ; ಕಳೆದುಹೋದ ಹಿಡಿತದ ಒಂದಂಶ ಅದರಿಂದ ವಾಪಸು ಬರುತ್ತದೆ. ಸಂಪಾಜೆ, ಅರಂತೋಡು ಕಡೆಯ ಹಳದಿ ಎಲೆ ರೋಗಕ್ಕೆ ಮಾತ್ರ ಅಂಥ ದೋಟಿ ಇಲ್ಲ.

ಬೆಲೆಯ ವಿಷಯವೂ ಹೀಗೆಯೇ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ದುಡಿತಕ್ಕೆ ತಕ್ಕ ಪ್ರತಿಫಲ ಸಿಗದಾಗ ದೇಹ, ಮನಸ್ಸು ಎರಡೂ ಕೆಡುತ್ತವೆ ಎಂದು ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಸಿದ್ಧಾಂತ ಮಂಡಿಸಿದರು. ಅದಕ್ಕೂ ಎರಡು ದಶಕ ಮೊದಲೇ ಇಲ್ಲಿಯ ಬೆಳೆಗಾರರು ಆ ಕೆಡುಕಿಗೆ ಸಹಕಾರಿ ಮದ್ದು ಕಂಡುಕೊಂಡಿದ್ದರು.

ನಮ್ಮ ಕರಾವಳಿಯ ಮನಸ್ಸನ್ನು ಅಳೆಯಲು ಯಾರೂ ಹೊರಡಲಿಲ್ಲ ಎನ್ನುವಂತಿಲ್ಲ. ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್‌ಸ್ಟೇರ್ಸ್ ಉಡುಪಿ ಬಳಿಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗೇರ ಮನೆಗಳಲ್ಲಿ ಸಮೀಕ್ಷೆ ನಡೆಸಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಹೊರಗಿನ ಪ್ರಶ್ನಾವಳಿ ತಂದು ಹೇರದೆ ಇಲ್ಲಿಗೆ ಒಗ್ಗುವ ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡದ್ದು ಅವರ ದೊಡ್ಡ ಕೆಲಸ. ಆದರೆ ಅವರ ಗಮನ ಜಾತಿ, ಕುಟುಂಬ, ಬದಲಾವಣೆಯ ಮೇಲಿತ್ತು; ದುಡಿಮೆಯ ಬಗೆ ಮುಖ್ಯ ಪ್ರಶ್ನೆಯಾಗಲಿಲ್ಲ. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳನ್ನು ಆರಿಸಿತು, ಅವುಗಳಲ್ಲಿ ಕರ್ನಾಟಕ ಇರಲಿಲ್ಲ. ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿಗೆ ಮಾನಸಿಕ ತೊಂದರೆ ಇತ್ತೆಂದು ಅದು ಹೇಳಿತು.

ಪತ್ರಿಕೆಗಳಿಗೆ ಹೆಚ್ಚು ಸಿಗುವುದು ಅಪರಾಧ ದಾಖಲೆ ಬ್ಯೂರೋದ ಆತ್ಮಹತ್ಯೆಯ ಅಂಕಿ. 2021ರ ಪಟ್ಟಿಯಲ್ಲಿ ಸ್ವಂತ ಉದ್ಯೋಗದವರು 20,231, ಸಂಬಳದವರು 15,870. ಇಷ್ಟನ್ನೇ ಓದಿ ಸ್ವಂತ ಉದ್ಯೋಗ ಅಪಾಯ ಎಂದುಬಿಡುವುದು ದುಡುಕು. 2021–22ರ ಕಾರ್ಮಿಕ ಸಮೀಕ್ಷೆಯಲ್ಲಿ ದುಡಿಯುವವರ ಪೈಕಿ ಸ್ವಂತ ದುಡಿಮೆಯವರು ಶೇ. 55.8, ಸಂಬಳದವರು ಶೇ. 21.5. ಬ್ಯೂರೋ ಬೇರೆಯಾಗಿ ಎಣಿಸುವ ಕೃಷಿಯ 10,881 ಜನರನ್ನು ಸೇರಿಸಿ ಭಾಗಿಸಿದರೂ ಸ್ವಂತ ದುಡಿಮೆಯವರ ಪ್ರಮಾಣ ಸಂಬಳದವರದ್ದನ್ನು ದಾಟುವುದಿಲ್ಲ. ಕಣ್ಣಿಗೆ ಹೊಡೆಯುವುದು ದಿನಗೂಲಿಯವರ 42,004. ಯಜಮಾನಿಕೆಯೂ ಇಲ್ಲದ, ತಿಂಗಳ ಭರವಸೆಯೂ ಇಲ್ಲದ ಇವರನ್ನು ಈ ಇಡೀ ಹೋಲಿಕೆ ಹೊರಗೇ ನಿಲ್ಲಿಸಿದೆ.

ಅದೇ ಪಟ್ಟಿಯಲ್ಲಿ ಗೃಹಿಣಿಯರು 23,179. ನನ್ನ ಮಟ್ಟಿಗೆ ಇಡೀ ಚರ್ಚೆ ಎಡವುವುದು ಇಲ್ಲಿ. ಅಂಗಳದಲ್ಲಿ ಅಡಿಕೆ ಹರವಿ, ಮೋಡ ಕಂಡಾಗ ಓಡಿ ಒಟ್ಟುಮಾಡಿ, ರಾತ್ರಿ ಸುಲಿಯುವ ಹೆಂಗಸು ಕಾರ್ಮಿಕ ಸಮೀಕ್ಷೆಯವರು ಕೇಳಿದರೆ ಸಂಬಳವಿಲ್ಲದೆ ನೆರವಾಗುವವಳು, ಅಂದರೆ ಸ್ವಂತ ದುಡಿಮೆಯ ಲೆಕ್ಕಕ್ಕೆ ಸೇರಿದವಳು. ಪೊಲೀಸ್ ದಾಖಲೆಯಲ್ಲಿ ಅವಳು ಗೃಹಿಣಿ. ಪಕ್ಕದ ಮನೆಯಲ್ಲಿ ಬೀಡಿ ಕಟ್ಟುವವಳಿಗೆ 1966ರ ಬೀಡಿ ಕಾರ್ಮಿಕರ ಕಾಯ್ದೆ ನೌಕರಳ ಹಕ್ಕುಗಳನ್ನು ಕೊಟ್ಟಿತು, ಭವಿಷ್ಯನಿಧಿಯೂ ಉಂಟು. ಆದರೆ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಜಗಲಿಯಲ್ಲಿ ಕೂತು ಕಟ್ಟುವ ಅವಳಿಗೆ ಕೆಲಸದ ಹೊತ್ತೆಂಬುದಿಲ್ಲ, ಕಟ್ಟಿದಷ್ಟಕ್ಕೇ ಮಜೂರಿ. ಅವಳು ಯಾವ ಗುಂಪಿನವಳು? ಗಂಡ ರಿಕ್ಷಾ ಓಡಿಸುತ್ತಾನೆ, ಮಗ ಬೆಂಗಳೂರಲ್ಲಿ ಸಂಬಳಕ್ಕಿದ್ದಾನೆ ಎಂದರೆ ಒಂದೇ ಮನೆಯೊಳಗೆ ಮೂರೂ ಬಗೆಯ ದುಡಿಮೆ. ತೋಟವೂ ಇರುವ ಮನೆಯಾದರೆ ಅಡಿಕೆ ಕೈಕೊಟ್ಟ ವರ್ಷ ಮಗನ ಸಂಬಳ ತೋಟ ಸಾಕುತ್ತದೆ. ಮಗನ ಕೆಲಸ ಹೋದರೆ ತೋಟವೇ ಅವನ ಆಸರೆ. ಆರೋಗ್ಯವಂತರೇ ಸ್ವಂತ ದುಡಿಮೆ ಆರಿಸುತ್ತಾರೆ ಎಂಬ ತೀರ್ಮಾನವೂ ಇಲ್ಲಿ ಸುಲಭವಾಗಿ ಒಗ್ಗುವುದಿಲ್ಲ. ಅಣ್ಣತಮ್ಮಂದಿರು ಊರು ಬಿಟ್ಟಾಗ ಅಪ್ಪ ಅಮ್ಮನ ಜೊತೆ ಉಳಿದವನಿಗೆ ತೋಟ ಬರುತ್ತದೆ; ಅವನು ಆರಿಸಿದನೆಂದು ಹೇಗೆ ಹೇಳುವುದು?

ನೆರವಿನ ಏರ್ಪಾಡು ಮಾತ್ರ ಇನ್ನೂ ಸಂಬಳದವರ ಕಡೆಗೇ ವಾಲಿದೆ. ಇಎಸ್‌ಐ ಇದ್ದವರಿಗೆ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಸಿಗುತ್ತದೆ. ಕುಂಬ್ರದ ಅಂಗಡಿಯವರು ಅಥವಾ ರಿಕ್ಷಾದವರು ಖಿನ್ನತೆಯಿಂದ ಒಂದು ವಾರ ಏಳಲಾಗದಿದ್ದರೆ ಅಷ್ಟೂ ದಿನದ ಸಂಪಾದನೆ ಶೂನ್ಯ, ಸಾಲದ ಕಂತು ಹಾಗೇ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ತರುವ ಪ್ರಯತ್ನ ನಡೆದಿದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಬಾಗಿಲು ಹಾಕದೆ ಸಿಗುವ ನೆರವು ಅಂಗಡಿಯವರಿಗೆ ದೊಡ್ಡದು. ಆದರೆ ಸಂಖ್ಯೆ ಅವರ ಕಣ್ಣಿಗೆ ಬೀಳಬೇಕು: ಸೊಸೈಟಿಯ ಗೋಡೆಯಲ್ಲಿ, ಅಡಿಕೆ ಖರೀದಿ ಕೇಂದ್ರದಲ್ಲಿ, ರಿಕ್ಷಾ ಸ್ಟ್ಯಾಂಡಿನಲ್ಲಿ, ಬೀಡಿ ಬ್ರಾಂಚಿನ ಬಾಗಿಲಲ್ಲಿ. ಇನ್ನು ಮುಂದೆ ಸಮೀಕ್ಷೆಗೆ ಬರುವವರು ಈ ಊರುಗಳಲ್ಲಿ ವ್ಯಕ್ತಿಯನ್ನಷ್ಟೇ ಅಲ್ಲ, ಮನೆಯನ್ನು ಕೇಳಬೇಕು. ಕೊಯ್ಲು ಮುಗಿದ ಬೇಸಿಗೆಯಲ್ಲೊಮ್ಮೆ, ಕೊಳೆರೋಗದ ಆಷಾಢದಲ್ಲೊಮ್ಮೆ ಬಂದು ಕೇಳಬೇಕು.