ಮಣ್ಣಿಲ್ಲದ ಬೇರಿಗೆ ಉಣಿಸು

ಮಣ್ಣು ಗಿಡಕ್ಕೆ ಉಣಿಸುವುದಷ್ಟೇ ಅಲ್ಲ, ಹೆಚ್ಚಾದ ಗೊಬ್ಬರವನ್ನು ತನ್ನ ಜೇಡಿಕಣಗಳಲ್ಲಿ ಹಿಡಿದಿಟ್ಟು ಬೆಳೆಗಾರನ ತಪ್ಪನ್ನೂ ತಾಳಿಕೊಳ್ಳುತ್ತದೆ. ಜಲಕೃಷಿಯಲ್ಲಿ, ಅಂದರೆ ಹೈಡ್ರೋಪೋನಿಕ್ಸ್‌ನಲ್ಲಿ, ಆ ಆಸರೆಯಿಲ್ಲ. ನೀರಿಗೆ ನಾವು ಬೆರೆಸಿದ್ದೇ ಬೇರಿನ ಪಾಲು.

ಏನೇನು, ಎಷ್ಟೆಷ್ಟು

ಗಿಡಕ್ಕೆ ಬೇಕಾದ ಮೂಲಧಾತುಗಳು 17. ಇಂಗಾಲ, ಜಲಜನಕ, ಆಮ್ಲಜನಕ ಗಾಳಿ ಮತ್ತು ನೀರಿನಿಂದಲೇ ಒದಗುತ್ತವೆ. ಉಳಿದ 14 ಲವಣಗಳ ರೂಪದಲ್ಲಿ ಬರಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೆನಿಸ್ ಹೋಗ್ಲಂಡ್ ಮತ್ತು ಡೇನಿಯಲ್ ಆರ್ನನ್ 1938ರಲ್ಲಿ ಪ್ರಕಟಿಸಿದ ಪೋಷಕ ದ್ರಾವಣದ ಸೂತ್ರ ಇಂದಿಗೂ ಅನೇಕ ಮಿಶ್ರಣಗಳಿಗೆ ಆಧಾರ. ಆ ಮಾದರಿಯ ದ್ರಾವಣದಲ್ಲಿ ಲೀಟರಿಗೆ ಸುಮಾರು 210 ಮಿಲಿಗ್ರಾಂ ಸಾರಜನಕವಿದ್ದರೆ, ಮಾಲಿಬ್ಡಿನಂ ಕೇವಲ 0.01 ಮಿಲಿಗ್ರಾಂ. ಆದರೆ ಆ ಕಿಂಚಿತ್ತು ಇಲ್ಲದಿದ್ದರೆ ಗಿಡ ಹೀರಿದ ನೈಟ್ರೇಟ್ ಬಳಕೆಗೆ ಬಾರದು.

ಎರಡು ಡಬ್ಬಿ ಏಕೆ

ಅಂಗಡಿಯಲ್ಲಿ ಪೋಷಕಾಂಶ 'ಎ' ಮತ್ತು 'ಬಿ' ಎಂದು ಬೇರೆಬೇರೆಯಾಗಿ ಸಿಗುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಒಂದರಲ್ಲಿ, ಸಲ್ಫೇಟ್ ಮತ್ತು ಫಾಸ್ಫೇಟ್ ಇನ್ನೊಂದರಲ್ಲಿ. ಗಟ್ಟಿ ದ್ರಾವಣದಲ್ಲೇ ಇವು ಸೇರಿದರೆ ಜಿಪ್ಸಂ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್ ಗಸಿಯಾಗಿ ತಳಕ್ಕಿಳಿಯುತ್ತವೆ. ತಳಕ್ಕಿಳಿದದ್ದು ಬೇರಿಗೆ ದಕ್ಕದು. ಹಾಗಾಗಿ ತೊಟ್ಟಿಗೆ ಮೊದಲು ನೀರು ತುಂಬಿ, ಒಂದನ್ನು ಕಲಕಿದ ಮೇಲೆಯೇ ಇನ್ನೊಂದನ್ನು ಹಾಕಬೇಕು.

ಪಿಎಚ್ ಮತ್ತು ಕೊಳವೆಬಾವಿ ನೀರು

ಹೆಚ್ಚಿನ ಬೆಳೆಗಳಿಗೆ 5.5ರಿಂದ 6.5ರ ಪಿಎಚ್ ಹಿತ. ಅದಕ್ಕಿಂತ ಮೇಲೇರಿದರೆ ಮೊದಲು ಕೈಕೊಡುವುದು ಕಬ್ಬಿಣ. ಎಳೆ ಎಲೆಯಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ನಮ್ಮ ಬಯಲುಸೀಮೆಯ ಗಡಸು ನೀರಿನಲ್ಲಿ ಬೈಕಾರ್ಬನೇಟ್ ಇರುವುದರಿಂದ ಆಮ್ಲ ಹಾಕಿ ಇಳಿಸಿದ ಪಿಎಚ್ ಮತ್ತೆ ಏರುತ್ತದೆ. ಗೊಬ್ಬರಕ್ಕೆ ಹಣ ಹಾಕುವ ಮುನ್ನ ನೀರಿನ ಪರೀಕ್ಷೆ ಮಾಡಿಸುವುದೇ ಜಾಣತನ.

ಮೀಟರು ಹೇಳದ ಸಂಗತಿ

ಇಸಿ ಮೀಟರು ನೀರಿನ ವಿದ್ಯುತ್ ವಾಹಕತೆಯ (ಇಸಿ) ಮೂಲಕ ಅದರಲ್ಲಿ ಕರಗಿದ ಒಟ್ಟು ಲವಣವನ್ನು ಅಂದಾಜಿಸುತ್ತದೆ. ಲೆಟ್ಯೂಸ್‌ಗೆ ಸೆಂಟಿಮೀಟರಿಗೆ 1.2ರಿಂದ 1.8 ಮಿಲಿಸೀಮೆನ್ಸ್ ಸಾಕು, ಕಾಯಿಬಿಡುವ ಟೊಮೆಟೊಗೆ ಅದಕ್ಕಿಂತ ಹೆಚ್ಚು ಬೇಕು. ಯಾವ ಲವಣ ಎಷ್ಟಿದೆಯೆಂಬುದು ಆ ಅಂಕಿಯಲ್ಲಿ ಕಾಣದು. ಬೆಳೆ ಪೊಟ್ಯಾಷಿಯಂ ಬಳಸಿಕೊಂಡು ಸೋಡಿಯಂ ಉಳಿಸಿದರೂ ಅಂಕಿ ಸರಿಯಾಗಿಯೇ ತೋರಬಹುದು. ಆದ್ದರಿಂದ ದ್ರಾವಣವನ್ನು ಆಗಾಗ ಪೂರ್ತಿ ಬದಲಿಸಲೇಬೇಕು.

ಲೆಟ್ಯೂಸ್‌ನ ಎಳೆ ಎಲೆಗಳ ಅಂಚು ಸುಟ್ಟಂತಾದರೆ ಕ್ಯಾಲ್ಸಿಯಂ ಕೊರತೆಯೆಂದು ಮತ್ತಷ್ಟು ಸುರಿಯುವವರಿದ್ದಾರೆ. ಕ್ಯಾಲ್ಸಿಯಂ ಎಲೆಯ ಬಾಷ್ಪವಿಸರ್ಜನೆಯ ಸೆಳೆತದಿಂದ ಮೇಲೇರುವಂಥದ್ದು. ಒಳಗಿನ ಎಳೆ ಎಲೆಗೆ ಗಾಳಿ ತಾಗದಿದ್ದರೆ ತೊಟ್ಟಿಯಲ್ಲಿ ಎಷ್ಟಿದ್ದರೂ ಅಲ್ಲಿಗೆ ತಲುಪದು. ಅಲ್ಲಿ ಬೇಕಾದದ್ದು ಒಂದು ಫ್ಯಾನು.