ನಲವತ್ತು ವ್ಯಾಟಿನ ಮನೆಗೆ ಎಸಿ ಬಂದಾಗ

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಿಂದ ಕೊಟ್ಟೂರು, ಕೂಡ್ಲಿಗಿ ಕಡೆಗೆ ಹೊರಟರೆ ಹಳ್ಳಿಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಮಾಳಿಗೆ ಮನೆ ಸಿಗುತ್ತದೆ. ಮೊಳದಗಲದ ಕಲ್ಲುಮಣ್ಣಿನ ಗೋಡೆ, ತೊಲೆ, ಜಂತಿ, ಮೇಲೆ ಕರಲು ಮಣ್ಣಿನ ಹೊದಿಕೆ, ನಡುವೆ ಬೆಳಕಿಂಡಿ. ಈ ಸೀಮೆಯ ಬಿಸಿಲಿಗೆ ಹಿರಿಯರು ಕಂಡುಕೊಂಡಿದ್ದ ಮದ್ದು ಅದು. ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಿಸಿದ ಮೇಲೆ ಸೆಕೆ ಮನೆಯೊಳಗೇ ಬಂದು ಕೂತಿತು, ಅದರ ಬೆನ್ನಿಗೇ ಎಸಿಯೂ ಬಂತು. ಪೆಟ್ಟಿಗೆಯನ್ನು ಗೋಡೆಗೆ ತೂಗುಹಾಕುವುದು ಒಂದು ಮಧ್ಯಾಹ್ನದ ಕೆಲಸ. ಆದರೆ ಅನುಭವಸ್ಥ ವೈರ್‌ಮನ್ ಗೋಡೆ ನೋಡುವ ಮೊದಲು ಮೀಟರ್ ಬೋರ್ಡು ನೋಡುತ್ತಾನೆ. ಈ ಭಾಗದ ಎಪ್ಪತ್ತು ವರ್ಷಗಳ ಕರೆಂಟಿನ ಚರಿತ್ರೆ ಇರುವುದು ಅಲ್ಲೇ.

ಕರ್ನಾಟಕದ ವಿದ್ಯುತ್ ಕಥೆಯನ್ನು ಸಾಮಾನ್ಯವಾಗಿ ಶಿವನಸಮುದ್ರದಿಂದ ಶುರು ಮಾಡುತ್ತಾರೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ಆದರೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಆಗ ಮೈಸೂರಿನವಲ್ಲ, ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವು. ಮದ್ರಾಸ್ ಸರ್ಕಾರದ ಪೈಕಾರಾ ಯೋಜನೆ 1932ರಲ್ಲಿ, ಮೆಟ್ಟೂರು 1937ರಲ್ಲಿ ಕೆಲಸ ಶುರು ಮಾಡಿದವು. ಎರಡೂ ದೂರದ ದಕ್ಷಿಣದವು. ಇಲ್ಲಿನ ಹಳ್ಳಿಗಳಿಗೆ ಕಂದೀಲು, ಬುಡ್ಡಿದೀಪಗಳೇ ಗತಿಯಾದವು.

ಲೆಕ್ಕ ಬದಲಾಗಿದ್ದು ತುಂಗಭದ್ರೆಯಿಂದ. 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟು 1953ರಲ್ಲಿ ನೀರು ಹಿಡಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹಿನ್ನೀರಿಗೆ ಊರು, ಹೊಲ ಬಿಟ್ಟುಕೊಟ್ಟವರಲ್ಲಿ ಇಂದಿನ ಹಗರಿಬೊಮ್ಮನಹಳ್ಳಿ ಕಡೆಯವರೂ ಇದ್ದರು. ಅಣೆಕಟ್ಟಿನ ಬುಡದಲ್ಲೂ ಹಂಪಿಯಲ್ಲೂ ಎದ್ದ ಪವರ್‌ಹೌಸುಗಳ ಒಟ್ಟು ಸಾಮರ್ಥ್ಯ 72 ಮೆಗಾವಾಟ್, ಅದರಲ್ಲಿ ಕರ್ನಾಟಕದ ಪಾಲು ಐದರಲ್ಲಿ ಒಂದು. 1957ರಲ್ಲಿ ವಿದ್ಯುತ್ ಮಂಡಳಿ ಹುಟ್ಟಿತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಬಂದ ಮೇಲೆ ಹಳ್ಳಿಯ ಲೈನುಗಳಿಗೆ ಸಾಲ ಸಿಗತೊಡಗಿತು.

ಆ ಲೈನುಗಳು ಹೊಲ ದಾಟಿದ್ದು ಹೆಚ್ಚಾಗಿ ಪಂಪ್‌ಸೆಟ್ಟಿಗಾಗಿ. ಮನೆಗೆ ಬಂದದ್ದು ಒಂದು ಬಲ್ಬು, ಉಳ್ಳವರಿಗೆ ಒಂದು ಫ್ಯಾನು. ಮುಂದೆ ಬಡವರ ಗುಡಿಸಲಿಗೆ ಭಾಗ್ಯಜ್ಯೋತಿ, 1988–89ರಿಂದ ಕುಟೀರಜ್ಯೋತಿ ಬಂದಾಗಲೂ ಲೆಕ್ಕ ಒಂದೇ ದೀಪದ್ದು. ನಲವತ್ತು ವ್ಯಾಟಿನ ಬಲ್ಬು 230 ವೋಲ್ಟಿನಲ್ಲಿ ಎಳೆಯುವುದು 0.17 ಆಂಪಿಯರ್. ವೈರಿಂಗಿನ ಅಳತೆಯೆಲ್ಲ ನಿಂತದ್ದು ಆ ಸಂಖ್ಯೆಯ ಮೇಲೆ.

ಅಂದಿನ ಪಟ್ಟಿ ವೈರಿಂಗ್ ಈಗಲೂ ಹಳೆಯ ಮನೆಗಳಲ್ಲಿ ಕಣ್ಣಿಗೆ ಬೀಳುತ್ತದೆ. ಗೋಡೆಗೆ ಮರದ ಗೂಟ ಹೊಡೆದು, ಅದಕ್ಕೆ ತೇಗದ ಪಟ್ಟಿ ಬಿಗಿದು, ಪಟ್ಟಿಯ ಮೇಲೆ ರಬ್ಬರ್ ಹೊದಿಕೆಯ ವೈರನ್ನು ಪುಟ್ಟ ತಗಡಿನ ಕ್ಲಿಪ್ಪುಗಳಿಂದ ಗೇಣಿಗಿಂತ ಕಡಿಮೆ ಅಂತರದಲ್ಲಿ ಹಿಡಿದಿರುತ್ತಾರೆ. ಸ್ವಿಚ್ಚು ಕೂರುವುದು ದುಂಡನೆಯ ಮರದ ಬಿಲ್ಲೆಯ ಮೇಲೆ. ಮೀಟರಿನ ಪಕ್ಕ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು. ಫ್ಯೂಸ್ ಹೋದರೆ ಮನೆಯವರೇ ಒಂದೆಳೆ ತಂತಿ ಸುತ್ತಿ ಕೂರಿಸುವರು. ಮತ್ತೆ ಹೋದರೆ ಎರಡೆಳೆ ಸುತ್ತುವರು. ಫ್ಯೂಸ್ ತನ್ನ ಕೆಲಸ ಮರೆತದ್ದು ಹೀಗೆ.

ತಾಮ್ರ ದುಬಾರಿಯಾಗಿ, ಆಮದಿಗೂ ಕಡಿವಾಣ ಬಿದ್ದ ದಶಕಗಳಲ್ಲಿ ಅಲ್ಯೂಮಿನಿಯಂ ವೈರು ಮನೆ ಹೊಕ್ಕಿತು. ಅಗ್ಗ, ಹಗುರ, ಬಲ್ಬಿಗೆ ಧಾರಾಳ. ತೊಂದರೆ ಇರುವುದು ಜಾಯಿಂಟಿನಲ್ಲಿ. ಬಿಸಿಯಾದಾಗ ಹಿಗ್ಗಿ ತಣ್ಣಗಾದಾಗ ಕುಗ್ಗುವ ಈ ಲೋಹ ಹಿತ್ತಾಳೆಯ ಸ್ಕ್ರೂ ಕೆಳಗೆ ದಿನೇ ದಿನೇ ಸಡಿಲವಾಗುತ್ತದೆ, ಮೇಲೆ ಕರೆಂಟು ಹರಿಯಗೊಡದ ಆಕ್ಸೈಡ್ ಪದರ ಕಟ್ಟುತ್ತದೆ. ವೈರನ್ನು ಎಳೆಯ ಲೆಕ್ಕದಲ್ಲಿ ಕರೆಯುವ ರೂಢಿಯೂ ಹಳೆಯದೇ: 1/18, 3/20, 7/20. ಇಪ್ಪತ್ತನೇ ಗೇಜಿನ ಮೂರು ಎಳೆ ಎಂದರೆ ಸುಮಾರು 2 ಚದರ ಮಿಲಿಮೀಟರ್, ಏಳು ಎಳೆ ಎಂದರೆ 4.6. ಡಬ್ಬಿಯ ಮೇಲೆ ಚದರ ಮಿಲಿಮೀಟರ್ ಅಚ್ಚಾಗಿದ್ದರೂ ಹಳಬರ ಬಾಯಲ್ಲಿ ಇನ್ನೂ "ಸೆವೆನ್ ಟ್ವೆಂಟಿ".

ಇನ್ನು ಈ ವೈರಿಂಗಿಗೆ ಬಂದು ಸೇರಿದ ಎಸಿಯ ಕಥೆ. ಮನೆಯೊಳಗೊಂದು, ಹೊರಗೊಂದು ಎಂದು ಎರಡು ಭಾಗವಾದ ಸ್ಪ್ಲಿಟ್ ಎಸಿಯನ್ನು ಜಪಾನಿನ ತೋಷಿಬಾ 1961ರಲ್ಲಿ ಮಾರುಕಟ್ಟೆಗೆ ತಂದಿತು. ಭಾರತದಲ್ಲಿ 1954ರಲ್ಲಿ ಹುಟ್ಟಿದ ವೋಲ್ಟಾಸ್‌ನಂಥ ಕಂಪನಿಗಳು ಬಹುಕಾಲ ಮಾರಿದ್ದು ಕಿಟಕಿ ಎಸಿಯನ್ನು, ಅದೂ ಹೆಚ್ಚಾಗಿ ಕಚೇರಿ, ಹೋಟೆಲುಗಳಿಗೆ. ತಾಲ್ಲೂಕು ಕೇಂದ್ರಗಳ ಮಲಗುವ ಕೋಣೆಗೆ ಎಸಿ ಬಂದದ್ದು ತೀರಾ ಈಚೆಗೆ.

ಒಂದೂವರೆ ಟನ್ನಿನ ಎಸಿ ಓಡುವಾಗ ಏಳೆಂಟು ಆಂಪಿಯರ್ ಎಳೆಯುತ್ತದೆ. ನಲವತ್ತು ವ್ಯಾಟಿನ ಬಲ್ಬಿನ ನಲವತ್ತು ಪಟ್ಟಿಗೂ ಹೆಚ್ಚು. ಇನ್ವರ್ಟರ್ ಇಲ್ಲದ ಹಳೆಯ ಮಾದರಿಯಾದರೆ ಕಂಪ್ರೆಸರ್ ಎದ್ದೇಳುವ ಕ್ಷಣಕ್ಕೆ ಅದರ ಹಲವು ಪಟ್ಟು. ವೈರು ಕಾಯುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ: ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಆದ್ದರಿಂದಲೇ ಟಿವಿ, ಮಿಕ್ಸಿ ಬಂದಾಗ ಇದ್ದ ಲೈನಿಗೇ ಇನ್ನೊಂದು ಪ್ಲಗ್ ಸೇರಿಸಿ ಸುಧಾರಿಸಿಕೊಂಡಂತೆ ಇಲ್ಲಿ ನಡೆಯುವುದಿಲ್ಲ. ಎಸಿಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನು ಬೇಕು. ಒಂದು ಟನ್ನಿಗೆ 2.5, ಒಂದೂವರೆ–ಎರಡು ಟನ್ನಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು, ಜೊತೆಗೆ ಅರ್ಥ್ ವೈರು, ಫೇಸು–ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕತ್ತರಿಸುವ 20 ಆಂಪಿಯರಿನ ಡಬಲ್ ಪೋಲ್ ಎಂಸಿಬಿ. ಇದು ಇಂದಿನ ರೂಢಿ. ನ್ಯೂಟ್ರಲ್ಲಿಗೆ ಒಂಟಿ ಫ್ಯೂಸ್ ಹಾಕಬಾರದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. ನ್ಯೂಟ್ರಲ್ ಫ್ಯೂಸ್ ಮಾತ್ರ ಹೋದರೆ ಯಂತ್ರ ಸತ್ತಂತೆ ಕಂಡರೂ ಒಳಗೆ ಫೇಸ್ ಜೀವಂತ. ವೈರಿಂಗನ್ನು ಪರವಾನಗಿ ಉಳ್ಳ ಗುತ್ತಿಗೆದಾರರೇ ಮಾಡಬೇಕೆಂಬುದೂ ಅದೇ ನಿಯಮಗಳಲ್ಲಿತ್ತು.

ಈ ಸೀಮೆಯ ದೊಡ್ಡ ಪರೀಕ್ಷೆ ಅರ್ಥಿಂಗಿನದು. ನದಿ ಬದಿಯ ಎರೆ ಭೂಮಿ ತೇವ ಹಿಡಿದಿರುವಷ್ಟು ದಿನ ಕರೆಂಟನ್ನು ಸಲೀಸಾಗಿ ನೆಲಕ್ಕೆ ಬಿಡುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಅರ್ಥ್ ಪೈಪಿಗೂ ಮಣ್ಣಿಗೂ ನಂಟು ತಪ್ಪುತ್ತದೆ. ಕೂಡ್ಲಿಗಿ ಕಡೆಯ ಮಸಾರಿಯಲ್ಲಿ ನಾಲ್ಕಡಿಗೇ ಗರಸು, ಕಲ್ಲು. ನೀರು ನಿಲ್ಲುವುದೇ ಇಲ್ಲ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಕೊಡ ನೀರು ಹುಯ್ಯುವ ಪದ್ಧತಿ ಬಂದದ್ದು ಅದಕ್ಕೇ. ಎಸಿ ಹೆಚ್ಚು ಓಡುವುದು ಏಪ್ರಿಲ್–ಮೇನಲ್ಲಿ, ಗುಂಡಿ ಒಣಗುವುದೂ ಅದೇ ಏಪ್ರಿಲ್–ಮೇನಲ್ಲಿ. ಲೋಹದ ಮೈಯ ಹೊರಘಟಕ ತಾರಸಿಯ ಮೇಲೆ ಕೂತಿರುವಾಗ ಆ ಕೊಡ ನೀರಿಗೆ ಬೆಲೆ ಇದೆ.

2002ರಲ್ಲಿ ವಿದ್ಯುತ್ ವಿತರಣೆ ಕಂಪನಿಗಳ ಪಾಲಾದಾಗ ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಜೆಸ್ಕಾಂಗೆ ಹೋದವು. 1997ರಲ್ಲೇ ದಾವಣಗೆರೆ ಜಿಲ್ಲೆ ಸೇರಿದ್ದ ಹರಪನಹಳ್ಳಿ ಬೆಸ್ಕಾಂಗೆ ಹೋಯಿತು. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿ ಇವೆಲ್ಲ ಒಟ್ಟಿಗಿವೆ. 2023ರ ಗೃಹಜ್ಯೋತಿ ಯೋಜನೆ 200 ಯೂನಿಟ್‌ವರೆಗೆ ಬಿಲ್ಲಿನ ಭಾರ ಇಳಿಸಿದೆ. ದಿನಕ್ಕೆ ಎಂಟು ತಾಸು ಓಡುವ ಎಸಿ ಒಂದೇ ಆ ಗೆರೆಯನ್ನು ದಾಟಿಸಬಲ್ಲದು.

ಒಂದೆರಡು ಕಿಲೋವಾಟಿಗೆ ಮಂಜೂರಾದ ಮನೆಯವರು ಎಸಿ ಹಾಕಿಸುವಾಗ ಲೋಡ್ ಹೆಚ್ಚಿಸಲು ಅರ್ಜಿ ಕೊಡಬೇಕು. ಹಲವರು ಇದನ್ನು ಬರೀ ಠೇವಣಿಯ ಖರ್ಚೆಂದು ತಪ್ಪಿಸಿಕೊಳ್ಳುತ್ತಾರೆ. ಆದರೆ ಓಣಿಯ ಟಿಸಿ (ಟ್ರಾನ್ಸ್‌ಫಾರ್ಮರ್) ಎಷ್ಟು ದೊಡ್ಡದಿರಬೇಕೆಂದು ಕಂಪನಿ ಲೆಕ್ಕ ಹಾಕುವುದು ಆ ಅರ್ಜಿಗಳಿಂದಲೇ. 25 ಕೆವಿಎ ಟಿಸಿಯ ಮೇಲೆ ಒಂದೂವರೆ ಟನ್ನಿನ ಹದಿನಾಲ್ಕು ಎಸಿ ಒಟ್ಟಿಗೆ ಓಡಿದರೆ ದೀಪ, ಫ್ಯಾನಿಗೆ ಏನೂ ಉಳಿಯುವುದಿಲ್ಲ. ಅರ್ಜಿ ಇಲ್ಲದ ಎಸಿಗಳು ಕಾಗದದಲ್ಲಿ ಇಲ್ಲ, ಮೇ ತಿಂಗಳ ರಾತ್ರಿ ಫ್ಯೂಸ್ ಹಾಕಲು ಕಂಬಕ್ಕೆ ಬರುವ ಲೈನ್‌ಮನ್‌ಗೆ ಮಾತ್ರ ಗೊತ್ತು.